ಎರಡು ಊರಿನ ಕಾಫಿ, ಒಂದೇ ನಾಲಿಗೆ

ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳಿದವರ ಮುಖ ನೋಡುತ್ತೇನೆ. ಡಾಕ್ಟರಾದರೆ ಎರಡು ಎನ್ನುತ್ತೇನೆ. ಹೆಂಡತಿಯಾದರೆ ಮೂರು. ಕಚೇರಿಯಲ್ಲಿ ಪಕ್ಕದ ಮೇಜಿನವರು ಕೇಳಿದರೆ "ಯಾಕೆ, ಹೋಗೋಣವಾ?" ಎಂದು ಎದ್ದು ನಿಲ್ಲುತ್ತೇನೆ. ಬೈಟು ಕುಡಿದದ್ದನ್ನು ನಾನು ಕಾಫಿ ಎಂದು ಎಣಿಸುವುದಿಲ್ಲ. ಅರ್ಧ ಇನ್ನೊಬ್ಬರ ಹೊಟ್ಟೆಗೆ ಹೋದ ಮೇಲೆ ಅದು ಅವರ ಕಾಫಿ. ನೆಂಟರ ಮನೆಯಲ್ಲಿ ಕುಡಿದದ್ದು ಮರ್ಯಾದೆಗೆ. ತಲೆನೋವು ಬಂದಾಗ ಕುಡಿದದ್ದು ಔಷಧಿ. ಹೀಗೆ ಒಂದೊಂದನ್ನೇ ಕಳೆಯುತ್ತಾ ಹೋದರೆ, ಡಾಕ್ಟರಿಗೆ ಹೇಳಿದ ಎರಡೇ ನಿಜವಿರಬಹುದು ಎಂದು ಕೆಲವು ದಿನ ನನಗೇ ನಂಬಿಕೆ ಬಂದುಬಿಡುತ್ತದೆ.

ನನ್ನ ಮನೆ ನಂಜನಗೂಡಿನಲ್ಲಿ, ಕೆಲಸ ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಎಂಟು ವರ್ಷದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ವರ್ಗ ಮಾಡಿಸಿಕೊಳ್ಳಿ ಎಂದು ಎಲ್ಲರೂ ಹೇಳಿದರು. ನಾನು ಮಾಡಿಸಿಕೊಳ್ಳಲಿಲ್ಲ. ಮಕ್ಕಳ ಶಾಲೆ, ಸ್ವಂತ ಮನೆ, ತಾಯಿಯ ಆರೋಗ್ಯ ಎಂದು ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಟ್ಟಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ಬಸ್ಸಿನ ದಾರಿಯ ಈ ತುದಿಯಲ್ಲಿ ಶಿವಮಲ್ಲಪ್ಪನವರ ಹೋಟೆಲಿದೆ, ಆ ತುದಿಯಲ್ಲಿ ಗುರುಸಿದ್ದಪ್ಪನವರ ಹೋಟೆಲಿದೆ. ಎರಡರಲ್ಲಿ ಒಂದನ್ನು ಬಿಡು ಎಂದರೆ ಯಾವುದನ್ನು ಬಿಡಲಿ?

ಶಿವಮಲ್ಲಪ್ಪನವರು ಫಿಲ್ಟರನ್ನು ಬೇರೆಯವರಿಗೆ ಮುಟ್ಟಗೊಡುವುದಿಲ್ಲ. ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಬೆಳಗಿನ ಮೊದಲ ಡಿಕಾಕ್ಷನ್ನನ್ನು ತಾವೇ ಇಳಿಸುತ್ತಾರೆ. ಗುರುಸಿದ್ದಪ್ಪನವರ ಶ್ರದ್ಧೆ ಇರುವುದು ಹಾಲಿನ ಮೇಲೆ. ಎಮ್ಮೆ ಹಾಲು ಬೇಡ, ಪ್ಯಾಕೆಟ್ಟು ಬೇಡ, ಕಣ್ಣೆದುರು ಕರೆದ ಹಸುವಿನ ಹಾಲೇ ಆಗಬೇಕು. ಇಬ್ಬರೂ ದೊಡ್ಡ ಮನುಷ್ಯರೇ. ಇಬ್ಬರಿಗೂ ಇರುವ ದೋಷ ಒಂದೇ, ಅದು ಊರಿನ ದೋಷ. ನಂಜನಗೂಡಿನವರು ತಮ್ಮದು ದಕ್ಷಿಣ ಕಾಶಿ ಎನ್ನುತ್ತಾರೆ. ನರಸೀಪುರದವರು ತಮ್ಮದು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ. ಕ್ಷೇತ್ರದ ವಿಷಯದಲ್ಲೇ ಹೀಗಿರುವಾಗ ಕಾಫಿಯ ವಿಷಯ ಹೇಳಬೇಕೆ? ನಾನು ಎರಡೂ ಕಡೆ ಕುಡಿಯುವವನು ಎಂಬುದು ಇಬ್ಬರಿಗೂ ಗೊತ್ತು. ಹಾಗಾಗಿ ಲೋಟ ಮುಂದಿಟ್ಟು ಇಬ್ಬರೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಆ ಊರ್ ಕಾಫಿ ಎಂಗದೆ ಸಾ?"

ಈಗ ನೀವೇ ಹೇಳಿ. ಕೈಯಲ್ಲಿ ಬಿಸಿ ಲೋಟವಿದೆ, ಮೇಲೆ ನೊರೆ ನಿಂತಿದೆ, ಮಾಡಿದವರು ಎದುರಿಗೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. "ಅಲ್ಲಿಯೂ ಚೆನ್ನಾಗಿದೆ" ಎಂದು ಹೇಳಲು ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಯಾರಿಗಾದರೂ ಬಾಯಿ ಬರುತ್ತದೆಯೇ? ನಂಜನಗೂಡಿನಲ್ಲಿ ನಾನು, "ಅದೂ ಒಂದು ಕಾಫಿನಾ? ನಿನ್ನೆ ಡಿಕಾಕ್ಷನ್ನು, ಇವತ್ತಿನ ಹಾಲು, ಕಲಗಚ್ಚು" ಎಂದೆ. ನರಸೀಪುರದಲ್ಲಿ, "ಅಲ್ಲಿ ಹಾಲು ಕಪಿಲೆಯಲ್ಲಿ ಮುಳುಗೆದ್ದು ಬಂದಿರುತ್ತೆ" ಎಂದೆ. ಇಬ್ಬರ ಮುಖವೂ ಅರಳಿತು. ಮಾರನೆಯ ದಿನದಿಂದ ಎರಡೂ ಕಡೆ ನನಗೆಂದು ಮೊದಲ ಡಿಕಾಕ್ಷನ್ ಎತ್ತಿಡುವ ಪದ್ಧತಿ ಶುರುವಾಯಿತು. ಮುಂದಿನ ಎಂಟು ವರ್ಷ ನಾನು ಕುಳಿತ ಬೆಂಚಿನಿಂದ ಎದುರಿಗಿಲ್ಲದ ಕಾಫಿಯನ್ನು ನಿಂದಿಸುತ್ತಾ, ಎದುರಿಗಿರುವುದನ್ನು ಹೊಗಳುತ್ತಾ ಸುಖವಾಗಿದ್ದೆ.

ಹೊಗಳಿಕೆಯ ಫಲ ನನಗೆ ಗೊತ್ತಿರಲಿಲ್ಲ ಎಂದಲ್ಲ. ನನ್ನ ಹೆಂಡತಿ ಗಿರಿಜಾ ಬನ್ನೂರಿನವಳು. ಮದುವೆಯಾದ ಹೊಸದರಲ್ಲಿ ಅತ್ತೆಯವರು ಆಲೆಮನೆಯ ಹೊಸ ಬೆಲ್ಲ ಹಾಕಿ ಕಾಫಿ ಮಾಡಿಕೊಟ್ಟರು. ನನಗೆ ಬೆಲ್ಲದ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಹೊಸ ಅಳಿಯನ ಗತ್ತಿನಲ್ಲಿ, "ಇಂಥ ಕಾಫಿ ಕುಡಿದೇ ಇರಲಿಲ್ಲ" ಎಂದುಬಿಟ್ಟೆ. ಆ ಮಾತು ಅಕ್ಷರಶಃ ನಿಜವೂ ಆಗಿತ್ತು. ಅಂದಿನಿಂದ ಇಂದಿನವರೆಗೆ ಬನ್ನೂರಿಗೆ ಹೋದಾಗಲೆಲ್ಲ ಮನೆಯವರಿಗೆಲ್ಲ ಸಕ್ಕರೆ ಕಾಫಿ, ನನಗೊಬ್ಬನಿಗೆ ಒಂದು ಚೊಂಬು ಬೆಲ್ಲದ ಕಾಫಿ. "ನಮ್ಮ ಅಳಿಯಂದ್ರಿಗೆ ಇದೇ ಆಗ್ಬೇಕು" ಎಂದು ಅತ್ತೆ ಬೀದಿಗೆಲ್ಲ ಸಾರಿದ್ದಾರೆ. ಬುದ್ಧಿ ಇರುವವನಾಗಿದ್ದರೆ ಅಲ್ಲಿಗೇ ಪಾಠ ಕಲಿಯುತ್ತಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ಗುರುಸಿದ್ದಪ್ಪನವರು ಲೋಟ ಇಟ್ಟು, ಎಂದಿನಂತೆ ಎದುರಿಗೆ ನಿಲ್ಲದೆ, ಬೆಂಚಿನ ಮೇಲೆ ಪಕ್ಕದಲ್ಲೇ ಕುಳಿತರು.

"ನಿಮ್ಮಿಂದ ಒಂದು ಉಪ್ಕಾರ ಆಗ್ಬೇಕು ಸಾ. ನಮ್ ಮಂಜಂಗೆ ಒಂದು ಎಣ್ಣು ಬಂದದೆ. ತಾಂಡವಪುರದ ನಮ್ಮಕ್ಕ ತೋರ್ಸವ್ರೆ. ನಿಮ್ಮೂರ್ನೋರೇಯ. ಓಟ್ಲು ಶಿವಮಲ್ಲಪ್ಪನ ಮಗಳು."

ಮಂಜು ಅವರ ಮಗ, ಮೂವತ್ತರ ಹತ್ತಿರದವನು. ದೋಸೆ ಕಲ್ಲಿನ ಮುಂದೆ ನಿಂತು ನಮ್ಮ ಕಡೆಗೆ ಒಂದು ಕಿವಿ ಕೊಟ್ಟಿದ್ದ. ದೋಸೆ ಸೀಯುವ ವಾಸನೆ ಬರುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ. ನಾನು ಸಂತೋಷದಿಂದ, "ಒಳ್ಳೇ ಮನೆತನ, ಕಣ್ಣು ಮುಚ್ಚಿಕೊಂಡು ಮಾಡಿ" ಎಂದೆ.

"ಅದೇ ಯೋಚ್ನೆ ಸಾ. ಉಡ್ಗ ಪೋಟೋ ನೋಡಿ ಒಪ್ಪವ್ನೆ. ಅವ್ರವ್ವನೂ ಒಪ್ಪವ್ಳೆ. ಭಾನ್ವಾರ ಓಗಿ ನೋಡ್ಬೇಕು. ನಾನೇ ತಡ್ದಿವ್ನಿ. ನೀವೇ ಏಳಿದ್ರಲ್ಲಾ, ಹಾಲು ಕಪಿಲೇಲಿ ಮುಳುಗೆದ್ದು ಬತ್ತದೆ ಅಂತ. ಓಟ್ಲು ಮಾಡೋನು ಹಾಲಿಗೆ ನೀರ್ ಬೆರ್ಸುದ್ರೆ ಎಲ್ಲುದ್ರಲ್ಲೂ ಬೆರ್ಸ್ತಾನೆ. ಅಂತ ಮನೆ ಎಣ್ಣ ತಂದು ನಾನೇನ್ ಮಾಡ್ಲಿ?"

ನಾಲಿಗೆಯ ತುದಿಯಿಂದ ಸುಮ್ಮನೆ ಉದುರಿಸಿದ ಮಾತು ಈ ಮನುಷ್ಯನ ಎದೆಯಲ್ಲಿ ಹೋಗಿ ಕುಳಿತಿದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಸತ್ಯ ಹೇಳಿದರೆ ಎಂಟು ವರ್ಷ ಸುಳ್ಳು ಹೇಳಿದ್ದೆ ಎಂದಾಗುತ್ತದೆ. ಹೇಳದಿದ್ದರೆ ಸಂಬಂಧ ಮುರಿಯುತ್ತದೆ. ಕೊನೆಗೆ ಮಧ್ಯದ ದಾರಿ ಹಿಡಿದೆ.

"ಈಚೆಗೆ ತುಂಬಾ ಸುಧಾರಿಸಿದ್ದಾರೆ."

"ಯಾವತ್ತಿಂದ?"

"ನಿನ್ನೆಯಿಂದ."

ಅವರು ನನ್ನನ್ನೇ ನೋಡಿದರು. ಕಲ್ಲಿನ ಮೇಲಿನ ದೋಸೆ ಅಷ್ಟರಲ್ಲಿ ಕರಕಲಾಗಿತ್ತು.

ಸಂಜೆ ನಂಜನಗೂಡಿನಲ್ಲಿ ಬಸ್ಸಿಳಿದು, ಕದ್ದು ಮನೆಗೆ ಹೋಗೋಣವೆಂದುಕೊಂಡರೆ ಶಿವಮಲ್ಲಪ್ಪನವರು ಹೋಟೆಲಿನ ಬಾಗಿಲಲ್ಲೇ ನಿಂತಿದ್ದರು. ಅವರ ಸಂಕಟವೂ ಅದೇ. ಮಗಳು ಸಹನಾ ಬಿ.ಎಡ್. ಓದಿದವಳು, ಹುಡುಗನನ್ನು ಮೆಚ್ಚಿದ್ದಾಳೆ. ಅಪ್ಪನಿಗೆ ಮಾತ್ರ ಹಳೆಯ ಡಿಕಾಕ್ಷನ್ನಿನ ಚಿಂತೆ. "ನಿನ್ನೇದ್ನ ಇವತ್ತು ಕೊಡೋರು ನಾಳೆ ನನ್ನ ಮಗಳಿಗೆ ತಂಗ್ಳು ಆಕಕಿಲ್ಲ ಅಂತ ಏನ್ ಗ್ಯಾರಂಟಿ ಸಾ?" ಎಂದರು. ಗುರುಸಿದ್ದಪ್ಪನವರು ಹೊಸ ಫಿಲ್ಟರು ತಂದಿದ್ದಾರೆ ಎಂದು ನಾನು ಹೇಳಿದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಪೇರಿಸುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊನೆಗೆ ಅವರು, "ಭಾನ್ವಾರ ನೀವೂ ಬನ್ನಿ. ನಿಮ್ಮ ಮುಂದೇನೇ ಮಾತಾಗ್ಲಿ" ಎಂದರು. ಮಾರನೆಯ ದಿನ ಗುರುಸಿದ್ದಪ್ಪನವರೂ ಅದನ್ನೇ ಹೇಳಿದರು. ಒಬ್ಬರು ಹೆಣ್ಣಿನ ಕಡೆಯ ದೊಡ್ಡವರು ಎಂದು ಕರೆದರೆ, ಇನ್ನೊಬ್ಬರು ಗಂಡಿನ ಕಡೆಯ ದೊಡ್ಡವರು ಎಂದು ಕರೆದರು.

ಮನೆಯಲ್ಲಿ ಗಿರಿಜಾಗೆ ಹೇಳದೆ ವಿಧಿಯಿರಲಿಲ್ಲ. ಎಲ್ಲ ಕೇಳಿಸಿಕೊಂಡು ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ಅಲ್ಲಾ ಕಣ್ರೀ, ಒಂದು ಲೋಟ ಕಾಫಿಗೆ ಒಂದು ಹೆಣ್ಣುಮಗೂನ ಮದುವೆ ತಪ್ಪಿಸ್ತಿದ್ದೀರಲ್ಲಾ, ನಿಮಗೆ ಮನಸ್ಸಾದ್ರೂ ಹೆಂಗೆ ಬಂತು? ಆ ಹುಡುಗಿ ಮದುವೆ ಮುರಿದುಬಿದ್ರೆ ಈ ಮನೇಲಿ ಕಾಫಿಪುಡಿ ಡಬ್ಬ ತೆಗೆಯೋಳಲ್ಲ ನಾನು." ನನಗೆ ನಿಜವಾಗಿಯೂ ನಾಚಿಕೆಯಾಯಿತು. ಸಹನಾಳನ್ನು ನಾನು ಯೂನಿಫಾರ್ಮ್ ಹಾಕಿಕೊಂಡು ಕಾಲೇಜಿಗೆ ಹೋಗುವ ಕಾಲದಿಂದ ನೋಡಿದವನು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ "ನಮಸ್ಕಾರ ಸಾರ್" ಎನ್ನದೆ ಹೋದವಳಲ್ಲ. ಆ ಮೂರು ದಿನ ಎರಡೂ ಊರಿನ ಕಾಫಿ ನನಗೆ ಕಷಾಯದ ಹಾಗಿತ್ತು. ಆದರೂ ಬಿಡಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಭಾನುವಾರ ಶಿವಮಲ್ಲಪ್ಪನವರ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಆ ಗೋಡೆಗೆ ಗಂಡಿನ ಕಡೆಯವರು, ಈ ಗೋಡೆಗೆ ಹೆಣ್ಣಿನ ಕಡೆಯವರು ಕುಳಿತಿದ್ದರು. ನನ್ನ ಜೊತೆ ಬಂದಿದ್ದ ಗಿರಿಜಾ ಹೆಣ್ಣಿನ ಕಡೆ ಹೋಗಿ ಕುಳಿತಳು. ಯಾವ ಕಡೆ ಕೂರಬೇಕೆಂದು ತಿಳಿಯದೆ ನಾನು ಕಂಬಕ್ಕೆ ಒರಗಿ ನಡುವೆ ಕುಳಿತೆ. ಮಳೆ, ಭತ್ತ, ಬಸ್ಸಿನ ರಶ್ಶು ಎಲ್ಲ ಮಾತಾಯಿತು. ಕಾಫಿಯ ಮಾತನ್ನು ಯಾರೂ ಎತ್ತಲಿಲ್ಲ. ಕೇಸರಿಬಾತು, ಉಪ್ಪಿಟ್ಟು ಮುಗಿದ ಮೇಲೆ ಸಹನಾ ತಟ್ಟೆಯಲ್ಲಿ ಲೋಟಗಳನ್ನು ಹಿಡಿದು ಬಂದಳು. ಎಲ್ಲರೂ ತೆಗೆದುಕೊಂಡರು. ಒಬ್ಬರೂ ಕುಡಿಯಲಿಲ್ಲ. ಗುರುಸಿದ್ದಪ್ಪನವರು ಲೋಟ ಹಿಡಿದು ನನ್ನನ್ನು ನೋಡಿದರು. ಶಿವಮಲ್ಲಪ್ಪನವರೂ ನನ್ನನ್ನು ನೋಡಿದರು. ಮಂಜು ಹುಡುಗಿಯನ್ನು ನೋಡುವುದು ಬಿಟ್ಟು ನನ್ನನ್ನೇ ನೋಡಿದ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ದೃಷ್ಟಿ ನನ್ನಂಥವನ ಮೇಲೆ ಬಿದ್ದದ್ದು ಅದೇ ಮೊದಲಿರಬೇಕು.

ಒಂದು ಗುಟುಕು ಕುಡಿದೆ. ತುಂಬಾ ಚೆನ್ನಾಗಿತ್ತು. ಈ ಹುಡುಗಿಯನ್ನು ಹೇಗಾದರೂ ದಡ ಮುಟ್ಟಿಸಬೇಕು ಎಂಬ ಆವೇಶ ಬಂದು, ಎದೆ ತುಂಬಿ ಹೇಳಿದೆ: "ನಾನು ಎರಡೂ ಊರಿನಲ್ಲಿ ಇಂಥ ಕಾಫಿ ಕುಡಿದಿಲ್ಲ!"

ಶಿವಮಲ್ಲಪ್ಪನವರು ನಿಧಾನವಾಗಿ ಲೋಟ ಕೆಳಗಿಟ್ಟರು.

"ಎರಡೂ ಊರು ಅಂದ್ರೆ ಸಾ? ನನ್ನ ಓಟ್ಲು ಯಾವೂರಲ್ಲದೆ?"

"ನಂದು?" ಎಂದರು ಗುರುಸಿದ್ದಪ್ಪನವರು.

ಬಂದಾಗಿನಿಂದ ಮುಖ ತಿರುಗಿಸಿ ಕುಳಿತಿದ್ದ ಇಬ್ಬರೂ ಆಗ ಒಬ್ಬರನ್ನೊಬ್ಬರು ನೋಡಿಕೊಂಡರು. ಗುರುಸಿದ್ದಪ್ಪನವರೇ ಮೊದಲು ಕೇಳಿದರು: "ನನ್ನ ಕಾಫೀಗೆ ನಿಮ್ಮತ್ರ ಏನಂದಿದ್ರು ಇವ್ರು?"

"ಬುಡಿ, ಏಳ್ಬಾರ್ದು."

"ಪರ್ವಾಗಿಲ್ಲ, ಏಳಿ."

"ಕಲ್ಗಚ್ಚು ಅಂದ್ರು. ನಂದಕ್ಕೆ?"

"ಹಾಲು ಒಳೇಲಿ ಮುಳುಗೆದ್ದು ಬತ್ತದೆ ಅಂತ."

ನಾನು ಗಿರಿಜಾಳನ್ನು ನೋಡಿದೆ. ಅವಳು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏನೋ ಹುಡುಕುತ್ತಿದ್ದಳು. ಎದ್ದು ಹೋಗೋಣವೆಂದರೆ ಕಾಲು ಜೋಮು ಹಿಡಿದಿತ್ತು. ಅಷ್ಟರಲ್ಲಿ ಮಂಜುವಿನ ತಾಯಿ ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕರು. ಆಮೇಲೆ ತಾಂಡವಪುರದ ಅಕ್ಕ ನಕ್ಕರು. ಗುರುಸಿದ್ದಪ್ಪನವರು ತೊಡೆ ತಟ್ಟಿಕೊಂಡು, "ಏನೇ ಏಳಿ ಬೀಗ್ರೇ, ಮನುಷ್ಯ ಪಂಕ್ತಿಭೇದ ಮಾಡಿಲ್ಲ! ಇಬ್ರಿಗೂ ಸಮ್ವಾಗೇ ಬಡ್ಸವ್ರೆ!" ಎಂದರು. ಬೀಗರೇ ಎಂದು ಅವರು ಕರೆದದ್ದು ಅದೇ ಮೊದಲು. ಶಿವಮಲ್ಲಪ್ಪನವರ ಕಣ್ಣಲ್ಲಿ ನೀರು ಬರುವಷ್ಟು ನಗು. ನನ್ನನ್ನು ಬೈಯುತ್ತಾ ಬೈಯುತ್ತಾ ಅವರಿಬ್ಬರೂ ಅಕ್ಕಪಕ್ಕ ಬಂದು ಕುಳಿತರು. ಅಂದೇ ಎಲೆ ಅಡಿಕೆ ಬದಲಾಯಿಸಿಕೊಂಡರು. ಒಬ್ಬ ಸುಳ್ಳುಗಾರ ನಡುವೆ ಸಿಕ್ಕಿದರೆ ಬೀಗರು ಎಷ್ಟು ಬೇಗ ಒಂದಾಗುತ್ತಾರೆ ಎನ್ನುವುದನ್ನು ನಾನು ಕಣ್ಣಾರೆ ಕಂಡೆ.

ಮದುವೆ ಚೆನ್ನಾಗಿ ನಡೆಯಿತು. ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಕಾಫಿಗೇನೂ ಕೊರತೆಯಾಗಲಿಲ್ಲ, ಎರಡೂ ಹೋಟೆಲುಗಳಲ್ಲಿ ಈಗಲೂ ಒಳ್ಳೆಯದನ್ನೇ ಕೊಡುತ್ತಾರೆ. ಆದರೆ ಯಾರೂ ಏನೂ ಕೇಳುವುದಿಲ್ಲ. ಒಂದು ಸಲ ತಡೆಯಲಾರದೆ ನಾನೇ, "ಇವತ್ತಂತೂ..." ಎಂದು ಶುರುಮಾಡಿದೆ. ಶಿವಮಲ್ಲಪ್ಪನವರು ಕೈಯೆತ್ತಿ, "ಕುಡೀರಿ ಸಾ, ಏಳ್ಬೇಡಿ" ಎಂದರು. ಕಾಫಿ ಕುಡಿಯುವುದರಲ್ಲಿ ಅರ್ಧ ಸುಖ ಅದರ ಬಗ್ಗೆ ಮಾತಾಡುವುದರಲ್ಲಿದೆ ಎಂದು ನನಗೆ ತಿಳಿದದ್ದು ಆಗ. ಆರು ತಿಂಗಳು ಎರಡು ಊರಿನಲ್ಲೂ ಬಾಯಿ ಮುಚ್ಚಿಕೊಂಡು ಕುಡಿದೆ.

ಹೋದ ವಾರ ನರಸೀಪುರದಲ್ಲಿ ಬಸ್ಸಿಳಿದು ಹೋದರೆ ಕಾಫಿ ಕೌಂಟರಿನಲ್ಲಿ ಸಹನಾ ನಿಂತಿದ್ದಳು. ಫಿಲ್ಟರನ್ನು ಸೊಸೆಗೆ ವಹಿಸಿ ಗುರುಸಿದ್ದಪ್ಪನವರು ಗಲ್ಲಾದಲ್ಲಿ ಪೇಪರು ಓದುತ್ತಿದ್ದರು. ಅವಳು ನಮಸ್ಕಾರ ಮಾಡಿ, ಲೋಟ ಮುಂದಿಟ್ಟು, ಕೌಂಟರಿನ ಮೇಲಿದ್ದ ಮೊಬೈಲನ್ನು ಸ್ವಲ್ಪ ಸರಿಸಿ, ಮೆಲ್ಲಗೆ ಕೇಳಿದಳು: "ಹೆಂಗಿದೆ ಸಾರ್ ಕಾಫಿ?"

ಆರು ತಿಂಗಳಲ್ಲಿ ಮೊದಲ ಬಾರಿ ಒಬ್ಬರು ನನ್ನನ್ನು ಕೇಳಿದ್ದರು! ಕಣ್ಣು ತುಂಬಿಬಂತು ಎಂದರೆ ನೀವು ನಗುತ್ತೀರಿ. ಒಂದು ಗುಟುಕು ಕುಡಿದೆ. ಚೆನ್ನಾಗಿದೆ ಎಂದಷ್ಟೇ ಹೇಳಿ ನಿಲ್ಲಿಸಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ದೇವರಾಣೆ ಗೊತ್ತಿತ್ತು. ಗಲ್ಲಾದ ಕಡೆ ಒಮ್ಮೆ ನೋಡಿ, ಬಗ್ಗಿ, ದನಿ ತಗ್ಗಿಸಿ ಹೇಳಿದೆ: "ಇದರ ಮುಂದೆ ನಿಮ್ಮಪ್ಪಂದು ಯಾತಕ್ಕೂ ಬರಲ್ಲಮ್ಮಾ. ಬರೀ ನೀರು."

ಸಹನಾಳ ಮುಖ ಸಣ್ಣಗಾಯಿತು. ಮೊಬೈಲಿನ ಕಡೆಗೆ ತಿರುಗಿ, "ಕೇಳಿಸ್ತಾ ಅಪ್ಪಾ? ನಾನೇ ಸೋತೆ" ಎಂದಳು. ಮೊಬೈಲಿನೊಳಗಿನಿಂದ ಶಿವಮಲ್ಲಪ್ಪನವರ ನಗು ಹೋಟೆಲಿಗೆಲ್ಲ ಕೇಳಿಸಿತು. ಇತ್ತ ಗುರುಸಿದ್ದಪ್ಪನವರು ಪೇಪರಿನ ಹಿಂದೆ ಕುಲುಕುಲು ನಗುತ್ತಿದ್ದರು. ಬೀಗರಿಬ್ಬರೂ ಸೇರಿ ಅವಳ ಜೊತೆ ಪಂದ್ಯ ಕಟ್ಟಿದ್ದರಂತೆ. ಸಾರ್ ಬದಲಾಗಿದ್ದಾರೆ, ಇನ್ನು ಹಾಗೆ ಹೇಳುವುದಿಲ್ಲ ಎಂದು ನನ್ನ ಪರವಾಗಿ ನಿಂತವಳು ಎರಡು ಊರಿಗೆ ಅವಳೊಬ್ಬಳೇ.

ಕ್ಷಮಿಸಮ್ಮಾ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ. "ಕಾಫಿ ಮಾತ್ರ ನಿಜವಾಗ್ಲೂ ಚೆನ್ನಾಗಿದೆ ಕಣಮ್ಮಾ."

"ಬಿಡಿ ಸಾರ್," ಎಂದು ಅವಳು ಹಾಲಿನ ಪಾತ್ರೆಯ ಕಡೆ ತಿರುಗಿದಳು.

ನಿಜವಾಗಿಯೂ ಚೆನ್ನಾಗಿತ್ತು. ನೀವಾದರೂ ನಂಬಿ.