ಯಲ್ಲಕ್ಕನ ಎರಡನೇ ದೇಶ

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಮ್ಮ ನಿಟ್ಟುವಳ್ಳಿಯಲ್ಲಿ ಎಲ್ಲರೂ ನಂಬಿದ್ದರು. (ನಾನೂ ನಂಬಿದ್ದೆ.) ದಾವಣಗೆರೆಯ ಮಿಲ್ಲೊಂದರಲ್ಲಿ ಗುಮಾಸ್ತನಾದ ಮೇಲಂತೂ ಊರವರ ಅರ್ಜಿಗಳೆಲ್ಲ ನನ್ನ ಅಮೃತಹಸ್ತದಿಂದಲೇ ಆಗಬೇಕು. ಹಾಗಾಗಿ ೧೯೬೧ರಲ್ಲಿ ನನ್ನ ಹೆಂಡತಿ ಯಲ್ಲಕ್ಕನಿಗೇ ಪಾಸ್‌ಪೋರ್ಟ್ ಬೇಕಾದಾಗ ಬೇರೆಯವರ ಮಾತೇ ಬರಲಿಲ್ಲ.

ಅವಳ ಅಣ್ಣ ಓಬಯ್ಯ ಯುದ್ಧದ ಕಾಲದಲ್ಲಿ ಹರಿಹರದಿಂದ ಪಟಾಲಂ ಸೇರಿ ಮಲಯಾಕ್ಕೆ ಹೋದವನು, ಅಲ್ಲೇ ಮದುವೆಯಾಗಿ, ಅಲ್ಲಿನ ಪ್ರಜೆಯೂ ಆಗಿಬಿಟ್ಟಿದ್ದ. ತಂಗಿಯ ಮುಖ ಕಂಡು ಹದಿನೆಂಟು ವರ್ಷ. ಈಗ ಅವನ ಕಾಗದ ಬಂದಿತ್ತು: ‘ಎದೆನೋವು. ಹಡಗು ಹತ್ತೋ ಶಕ್ತಿ ಇಲ್ಲ. ಟಿಕೆಟ್ಟಿಗೆ ದುಡ್ಡು ಕಳಿಸೀನಿ, ನೀನೇ ಬಾ.’

“ನಿಧಾನಕ್ಕೆ ಓದಿ ಬರೀರಿ. ಒಂದ್ಸಲ ತಿಪ್ಪೇರುದ್ರಪ್ಪ ಮೇಷ್ಟ್ರಿಗೆ ತೋರಿಸ್ರಿ,” ಅಂದಳು ಯಲ್ಲಕ್ಕ.

“ಅವರು ನನಗೆ ಹೇಳಿಕೊಡಬೇಕಾ?” ಅಂದೆ.

ಅರ್ಜಿಯಲ್ಲಿ ಬೇರೆ ದೇಶದ ಪೌರತ್ವವಿದ್ದರೆ ತಿಳಿಸಿ ಎಂಬ ಕಾಲಂ ಇತ್ತು. ನೆಂಟರ ವಿಚಾರ ಕೇಳುತ್ತಿದ್ದಾರೆಂದು ತಿಳಿದು, ದುಂಡಗೆ ‘ಮಲಯಾ’ ಎಂದು ಬರೆದು ಮದ್ರಾಸಿಗೆ ರವಾನಿಸಿದೆ.

ಎರಡು ತಿಂಗಳಿಗೆ ಉತ್ತರ ಬಂತು. ಎರಡು ದೇಶಗಳ ಪ್ರಜೆಯಾಗಿರಲು ಕಾನೂನಿನಲ್ಲಿ ಅವಕಾಶವಿಲ್ಲ. ಅರ್ಜಿದಾರಳು ತನ್ನ ಮಲಯಾ ಪಾಸ್‌ಪೋರ್ಟನ್ನು ಮೊದಲು ಒಪ್ಪಿಸತಕ್ಕದ್ದು. ಹರಿಹರದ ಹೊಳೆಯನ್ನೇ ದಾಟದ ಹೆಂಗಸು ನನ್ನ ಒಂದೇ ಪದದಿಂದ ಅಂತರರಾಷ್ಟ್ರೀಯ ವ್ಯಕ್ತಿಯಾಗಿದ್ದಳು. ಹಿಂದೆಯೇ ಪೊಲೀಸ್ ಜಮಾದಾರ ಚಾಂದ್ ಪಾಷಾ ವಿಚಾರಣೆಗೆ ಬಂದರು.

“ಯಾವ ದೇಶದೋರಮ್ಮ ನೀವು?”

ರೊಟ್ಟಿ ತಟ್ಟುತ್ತಿದ್ದ ಯಲ್ಲಕ್ಕ ತಲೆಯೆತ್ತಿದಳು. “ಹರಿಹರದೋಳ್ರಿ. ಯಾಕ್ರಿ?”

“ಮಲಯಾ ಅಂತ ನಿಮ್ಮ ಯಜಮಾನ್ರು ಬರ್ದಾರೆ.”

ಅವಳು ನನ್ನ ಕಡೆ ತಿರುಗಿದಳು. ರೊಟ್ಟಿ ಸೀಯುತ್ತಿದೆ ಎಂದೆ.

ಹುಟ್ಟಿದ್ದು ಹರಿಹರದಲ್ಲೇ ಎಂದು ಹೇಳುವ ಮುದುಕರನ್ನು ಹುಡುಕಿ, ಅಫಿಡವಿಟ್ ಮಾಡಿಸಿ, ಮೇಷ್ಟ್ರಿಂದಲೇ ಹೊಸ ಅರ್ಜಿ ಬರೆಸಿ ಕಾಯುವಷ್ಟರಲ್ಲಿ ಇನ್ನೂ ಐದು ತಿಂಗಳು ಕಳೆದವು. ಕೊನೆಗೆ ಒಂದು ಸೋಮವಾರ ಪಾಸ್‌ಪೋರ್ಟ್ ಬಂತು. ಓಬಯ್ಯ ತೀರಿಕೊಂಡ ತಂತಿ ಅದಕ್ಕೆ ಒಂಬತ್ತು ದಿನ ಮೊದಲೇ ಬಂದಿತ್ತು.

ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಬೈಗುಳಕ್ಕಾಗಿ ನಾನು ಹಾತೊರೆದದ್ದು ಅದೇ ಮೊದಲು.

“ಅಣ್ಣ ಕಳಿಸಿದ ದುಡ್ಡು ಹಂಗೇ ಐತೆ. ಹೋಗ್ತೀನಿ,” ಅಂದಳು.

“ಇನ್ನ ಯಾರನ್ನ ನೋಡಾಕೆ?”

“ಅತ್ತಿಗೆ ಒಬ್ಬಾಕೇ ಅದಾಳೆ. ನಾಕು ದಿನ ಅವಳ ಜೊತೆ ಕೂತು ಬರ್ತೀನಿ.”

ಮದ್ರಾಸಿನ ಬಂದರಿನವರೆಗೆ ನಾನೂ ಹೋದೆ. ಹಡಗು ಹತ್ತುವವರಿಗೆಲ್ಲ ಒಂದೊಂದು ಫಾರಂ ಕೊಟ್ಟರು. ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದೆ. ಯಲ್ಲಕ್ಕ ಫಾರಂ ಕಿತ್ತುಕೊಂಡು, ಸಾಲಿನಲ್ಲಿ ಮುಂದೆ ನಿಂತಿದ್ದ ಗುರುತು ಪರಿಚಯವಿಲ್ಲದ ಒಬ್ಬ ತಮಿಳನ ಮುಂದೆ ಹಿಡಿದಳು.

“ಅಣ್ಣಾ, ಇದನ್ನ ನೀನು ಬರ್ದುಕೊಡು.”

ಆತನಿಗೆ ‘ಅಣ್ಣಾ’ ಎಂಬ ಮೊದಲನೇ ಮಾತೊಂದೇ ತಿಳಿದಿರಬೇಕು. ಯಾರನ್ನೋ ಎದುರಿಗೆ ನಿಲ್ಲಿಸಿಕೊಂಡು ಅವಳು ಆ ಮಾತು ಅಂದು ಎಷ್ಟು ವರ್ಷವಾಗಿತ್ತೋ, ಅಂದವಳೇ ಅಲ್ಲೇ ಕುಸಿದು ಕೂತು ಅಳತೊಡಗಿದಳು.

ಆತ ಅವಳ ಫಾರಂ ಹಿಡಿದುಕೊಂಡು, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದ. ಪೆನ್ನು ಕೊಟ್ಟೆ.