ಕೈ ತೊಳೆದಿದ್ದೀನಿ ಮೇಡಂ

ನರ್ಸಿಂಗ್ ಮಕ್ಕಳ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಹೋಗುವ ಪರೀಕ್ಷಕಿ ನಾನು. ಈ ಸಲ ಮುಖ ಗಂಟು ಹಾಕಿಕೊಂಡೇ ಇರಬೇಕು ಎಂದು ಪ್ರತಿ ಸಲ ಮನೆಯಿಂದ ಹೊರಡುತ್ತೇನೆ. ಆಗುವುದಿಲ್ಲ. ನನ್ನ ಚೆಕ್‌ಲಿಸ್ಟಿನ ಮೊದಲ ಸಾಲು, ಕೈ ತೊಳೆಯುವುದು. ಅದರ ಪಕ್ಕ ಒಂದು ನಕ್ಷತ್ರ. ನಕ್ಷತ್ರದ ಸಾಲು ತಪ್ಪಿತೋ, ಉಳಿದದ್ದೆಲ್ಲ ಸರಿಯಿದ್ದರೂ ಫೇಲು. ಇದರಲ್ಲಿ ನಾನು ಬಲು ಕಟ್ಟುನಿಟ್ಟು ಎಂದು ನಾಲ್ಕು ತಾಲ್ಲೂಕಿಗೂ ಗೊತ್ತು.

೧. ರಾಮನಗರ

ಪರೀಕ್ಷೆಯ ದಿನವೇ ಲ್ಯಾಬಿನ ನಲ್ಲಿಯಲ್ಲಿ ನೀರಿಲ್ಲ. ಹುಡುಗಿಯರು ಒಣ ಸಿಂಕಿನ ಮುಂದೆ ನಿಂತು, ಗಾಳಿಯಲ್ಲೇ ಕೈ ಉಜ್ಜಿ, "ಕೈ ತೊಳೆದಿದ್ದೀನಿ ಮೇಡಂ" ಎಂದು ಒಪ್ಪಿಸಿದರು. ಕೈ ಉಜ್ಜುವ ಏಳು ಹಂತ ಸರಿಯಿದ್ದರೆ ಸಾಕು, ನೀರಿಗೆ ಪ್ರತ್ಯೇಕ ಅಂಕವಿಲ್ಲ ಎಂದು ಅಲ್ಲಿನ ಟೀಚರು ಪಿಸುಗುಟ್ಟಿದರು. ಪಟ್ಟಿ ನೋಡಿದೆ. ನಿಜ, ಇರಲಿಲ್ಲ. ಕೊನೆಯವಳು ಮಾತ್ರ ಆ ಒಣ ಕೈಯನ್ನು ಟವೆಲಿನಿಂದ ಒರೆಸುತ್ತಲೇ ಇದ್ದಳು. ಯಾಕಮ್ಮ ಎಂದೆ.

"ಒದ್ದೆ ಕೈಗೆ ಗ್ಲೌಸ್ ಏರಲ್ಲ ಮೇಡಂ."

೨. ಚನ್ನಪಟ್ಟಣದಿಂದ ಕನಕಪುರಕ್ಕೆ

ಚನ್ನಪಟ್ಟಣದ ಕಾಲೇಜಿನಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಗಂಡು ಬೊಂಬೆಗೆ ಎಡಗೈ ಹೆಬ್ಬೆರಳಿರಲಿಲ್ಲ. ಹಣೆಯಲ್ಲಿ ಆಯುಧಪೂಜೆಯ ಕುಂಕುಮ, ಅದರ ಮೇಲೆ ಹುಡುಗಿಯರು ಅವತ್ತು ಬೆಳಿಗ್ಗೆ ಕೆಂಗಲ್ಲಿನ ಗುಡಿಯಿಂದ ತಂದು ಹಚ್ಚಿದ ಸಿಂಧೂರ. ಎರಡು ದಿನ ಬಿಟ್ಟು ಕನಕಪುರಕ್ಕೆ ಹೋದರೆ ಅದೇ ಹೆಬ್ಬೆರಳಿಲ್ಲದ ಕೈ, ಅದೇ ಸಿಂಧೂರ. ಎರವಲು ತಂದದ್ದು ಗೊತ್ತಾಯಿತು. ಬಸ್ಸಿನಲ್ಲಿ ಇವನಿಗೆ ಸೀಟು ಸಿಕ್ಕಿತಾ ಎಂದು ಅಲ್ಲಿನ ಟೀಚರನ್ನು ಚುಡಾಯಿಸಿದೆ. ಪಾಪ, ಅವರು ಬೇಜಾರಿನಿಂದಲೇ ಹೇಳಿದರು:

"ಸೀಟೇನೋ ಸಿಕ್ತು ಮೇಡಂ. ನಮಗೆಲ್ಲ ಫ್ರೀ, ಗಂಡಸು ಅಂತ ಇವನೊಬ್ಬನಿಗೆ ಕಂಡಕ್ಟರು ಟಿಕೆಟ್ ಹರಿದುಬಿಟ್ರು."

೩. ಮಾಗಡಿ

ಮಾಗಡಿಯಲ್ಲಿ ಬೊಂಬೆಯಿಲ್ಲ, ವಾರ್ಡಿನಲ್ಲಿ ನಿಜವಾದ ರೋಗಿ. ಗುಡೇಮಾರನಹಳ್ಳಿಯ ಅಜ್ಜ, ಕಾಲಿನ ಗಾಯಕ್ಕೆ ಸೇರಿದವರು. ಬೆಳಗಿನಿಂದ ಒಬ್ಬೊಬ್ಬಳೂ ಬಂದು ಅವರ ನಾಡಿ, ಬಿಪಿ ನೋಡುವುದು, ಸರಿಯೋ ತಪ್ಪೋ ಎಂದು ನಾನು ಮತ್ತೆ ಅದೇ ಕೈ ಹಿಡಿದು ನೋಡುವುದು. ಮಧ್ಯಾಹ್ನದ ಹೊತ್ತಿಗೆ ಅಜ್ಜನಿಗೆ ಚೆಕ್‌ಲಿಸ್ಟು ಬಾಯಿಪಾಠವಾಗಿತ್ತು. ಬಿಪಿ ಪಟ್ಟಿ ಸಡಿಲ ಕಟ್ಟಿದವಳಿಗೆ, "ಇನ್ನೊಸಿ ಬಿಗಿ ಮಾಡವ್ವ" ಎಂದು ಅವರೇ ಹೇಳಿಕೊಟ್ಟರು.

ಕೊನೆಗೆ ಹೊಂಗನೂರಿನ ಹುಡುಗಿ ಬಂದಳು. ಹಿಂದಿನ ಸಲ ಫೇಲಾದವಳು. ಈ ಸಲವೂ ಹೋದರೆ ಮನೆಯಲ್ಲಿ ಓದು ಬಿಡಿಸಿ ಮದುವೆ ಮಾಡುತ್ತಾರೆ ಎಂದು ಟೀಚರು ಮೊದಲೇ ಹೇಳಿದ್ದರು. ಹುಡುಗಿ ನೇರವಾಗಿ ಬಂದು ಅಜ್ಜನ ಕಾಲ ಕೆಳಗೆ ದಿಂಬಿಟ್ಟಳು, ನೋವು ವಿಚಾರಿಸಿದಳು, ನಾಡಿ ತಪ್ಪಿಲ್ಲದೆ ಎಣಿಸಿದಳು. ಕೈ ಮಾತ್ರ ತೊಳೆದಿರಲಿಲ್ಲ. ನನಗೂ ಸಂಕಟವಾಯಿತು. ಆದರೆ ನಕ್ಷತ್ರ ನಕ್ಷತ್ರವೇ. ಪೆನ್ನು ತೆಗೆದೆ. ಅವಳ ಕಣ್ಣು ತುಂಬಿತು.

ಏನಾಯಿತು ಎಂದು ಅಜ್ಜ ಕೇಳಿದರು. ಹೇಳಿದೆ.

"ಮೇಡಮ್ಮೋರೆ, ಹೊತ್ತಾರೆಯಿಂದ ಅವ್ರೆಲ್ಲ ಒಂದೊಂದ್ ಸಲ ನನ್ ಕೈ ಹಿಡಿದ್ರು. ನೀವು ಹತ್ತು ಸಲ ಹಿಡಿದ್ರಿ. ಒಂದ್ಸಲಾನೂ ತೊಳೀನಿಲ್ಲ. ನಿಮ್ಗೆ ಯಾರು ಫೇಲ್ ಹಾಕೋರು?"

ನನ್ನ ಕಿವಿ ಬಿಸಿಯಾಯಿತು.

"ಹೋಗಿ, ಇಬ್ರೂವೆ ತೊಳ್ಕೊಂಡು ಬನ್ನಿ. ಮೊದ್ಲಿಂದ ಮಾಡುಸ್ಬುಡಿ. ನಾನೇನು ಕಾಲೆತ್ಕೊಂಡು ಓಡೋಯ್ತೀನಾ?"

ಪೆನ್ನು ಮುಚ್ಚಿದೆ. ಇಬ್ಬರೂ ಸಿಂಕಿನ ಮುಂದೆ ನಿಂತೆವು. ಪುಣ್ಯಕ್ಕೆ ಇಲ್ಲಿ ನೀರಿತ್ತು. ಅಜ್ಜ ಮಂಚದಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಹುಡುಗಿ ಏಳು ಹಂತವನ್ನೂ ಚಕಚಕನೆ ಮಾಡುತ್ತಾ ಹೋದಳು. ನನಗೆ ನಾಲ್ಕನೆಯದಾದ ಮೇಲೆ ಯಾವುದು ಎಂಬುದೇ ಮರೆತುಹೋಯಿತು.

ಇಪ್ಪತ್ತು ವರ್ಷ ಪಾಠ ಮಾಡಿದವಳು ನಾನು. ಓರೆಗಣ್ಣಿನಲ್ಲಿ ಅವಳ ಕೈ ನೋಡಿಕೊಂಡು ಉಳಿದ ಮೂರನ್ನೂ ಕಾಪಿ ಹೊಡೆದೆ.