ಲ್ಯಾಮಿನೇಟ್ ಆದ ಚೀಟಿಯ ಮೇಲೆ ಸೀಲು ನಿಲ್ಲದಿರುವ ಬಗ್ಗೆ

ಆಸ್ಪತ್ರೆಯ ತರಬೇತಿ ಶಾಲೆಯ ಬಾಗಿಲಲ್ಲಿ, ಹಿಂದೆ ಬೆಂಚು ಇದ್ದ ಜಾಗದಲ್ಲಿ ನಿಂತಿರುವ ಅರ್ಜಿ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ಯಾರು ಬಂದರೂ ಮುಖ ಬೆಳಗಿಸಿಕೊಂಡು ಸ್ವಾಗತ ಹೇಳುವ, ಯಾರು ಹೋದರೂ ಧನ್ಯವಾದ ಹೇಳುವ, ಇವೆರಡರ ನಡುವೆ ಏನನ್ನೂ ಕೇಳಿಸಿಕೊಳ್ಳದ ತಮಗೆ ನನ್ನ ವಿನಯಪೂರ್ವಕ ವಂದನೆಗಳು. ನಾನು ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಅಪರಿಚಿತರ ಮುಂದೆ ಬಾಯಿ ತೆರೆಯಬೇಕಾಗಿ ಬಂದರೆ ನಾಲಿಗೆ ಒಣಗುವ ಸ್ವಭಾವದವಳಾದ್ದರಿಂದ, ಕೌಂಟರಿನ ಕೆಲಸಕ್ಕೆ ತಾವು ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳೂ ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ದೊಡ್ಡಮ್ಮನನ್ನು ತಾವು ದಿನಾ ನೋಡುತ್ತೀರಿ. ಬೆಳಿಗ್ಗೆ ಆರೂವರೆಗೆ ಬಂದು, ಹಿಂದಿನ ದಿನ ಜನ ತಮ್ಮ ಮುಖದ ಮೇಲೆ ಬಿಟ್ಟುಹೋದ ಬೆರಳಿನ ಗುರುತುಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುವವಳು ಅವಳೇ. ಹತ್ತೊಂಬತ್ತು ವರ್ಷದಿಂದ ಈ ಆಸ್ಪತ್ರೆಯ ನೆಲ ಒರೆಸುತ್ತಿದ್ದಾಳೆ. ರೋಗಿಗಳಿಗೆ ಮೈ ಒರೆಸುವ, ಮಗ್ಗುಲು ತಿರುಗಿಸುವ, ಊಟ ಮಾಡಿಸುವ ಆರೈಕೆ ಸಹಾಯಕಿಯ ಕೆಲಸಕ್ಕೆ ಆರು ತಿಂಗಳ ತರಬೇತಿ ಇದೆಯಲ್ಲ, ಅದಕ್ಕೆ ಸೇರಬೇಕೆಂಬುದು ಅವಳ ಆಸೆ. ವಯಸ್ಸಿನ ಮಿತಿ ನಲವತ್ತೈದು. ಮುಂದಿನ ತಂಡ ಶುರುವಾಗುವ ಹೊತ್ತಿಗೆ ಅವಳಿಗೆ ನಲವತ್ತಾರು. ಅಂದರೆ ಈ ಸಲ ಆಗದಿದ್ದರೆ ಇನ್ನೆಂದಿಗೂ ಇಲ್ಲ.

ಮನೆಯಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ, ತಮ್ಮ ಗಾಜನ್ನು ಮುಟ್ಟುವ ಗೌರವ ನನ್ನ ಪಾಲಿಗೆ ಬಂತು. ತಾವು ಎರಡು ಗುಂಡಿಗಳನ್ನು ತೋರಿಸಿದಿರಿ, ಒಂದರ ಮೇಲೆ ರಿಜಿಸ್ಟರ್ ಎಂದಿತ್ತು, ಇನ್ನೊಂದರ ಮೇಲೆ ಎನ್‌ರೋಲ್. ನಾನು ಮೊದಲನೆಯದನ್ನು ಒತ್ತಿ, ಕೇಳಿದ್ದನ್ನೆಲ್ಲ ತುಂಬಿದೆ. ತಾವು ಸಂತೋಷದಿಂದ ಗುರ್‌ಗುಟ್ಟಿ, 'ಅಭಿನಂದನೆಗಳು' ಎಂದು ಅಚ್ಚಾದ ಚೀಟಿಯೊಂದನ್ನು ಹೊರಚಾಚಿದಿರಿ. ದೊಡ್ಡಮ್ಮ ನನ್ನ ಭುಜದ ಮೇಲಿಂದ ಬಗ್ಗಿ, "ಪಕ್ಕದಲ್ಲಿ ಇನ್ನೊಂದಿದೆಯಲ್ಲೇ, ಅದನ್ನೂ ಒತ್ತಬೇಕೇನೋ ನೋಡು" ಅಂದಳು. "ಎರಡೂ ಒಂದೇ ದೊಡ್ಡಮ್ಮ, ಪದ ಬೇರೆ ಅಷ್ಟೆ" ಅಂದೆ. ಐದು ವರ್ಷ ಓದಿ ಕೂಡಿಟ್ಟ ಧೈರ್ಯವನ್ನೆಲ್ಲ ನಾನು ಆ ಒಂದೇ ವಾಕ್ಯಕ್ಕೆ ಸುರಿದಿದ್ದೆ.

ದೊಡ್ಡಮ್ಮನ ಹೆಸರು ಅಚ್ಚಾದ ಮೊದಲ ಕಾಗದ ಅದು. ಬಕೆಟ್ಟು, ಒದ್ದೆ ಕೈ, ಫಿನಾಯಿಲುಗಳ ನಡುವೆ ಅದು ಹಾಳಾದೀತೆಂದು ಅಂದೇ ಮಧ್ಯಾಹ್ನ ಅಂಗಡಿಗೆ ಒಯ್ದು ಲ್ಯಾಮಿನೇಟ್ ಮಾಡಿಸಿದೆ. ಅವಳು ಅದನ್ನು ಅಡುಗೆಮನೆಯ ಗಡಿಯಾರದ ಕೆಳಗೆ ಒರಗಿಸಿಟ್ಟು, ಮನೆಗೆ ಬಂದವರೆಲ್ಲರ ಕಣ್ಣು ಅತ್ತ ಹೋಗುವವರೆಗೆ ಗಂಟೆ ಎಷ್ಟೆಂದು ಕೇಳುತ್ತಿದ್ದಳು.

ತಮ್ಮ ಎರಡನೆಯ ಗುಂಡಿ ಏಳು ದಿನ ನಿದ್ದೆ ಮಾಡಿ, ಆಮೇಲೆ ಮೂರೇ ದಿನ ಎಚ್ಚರವಿರುತ್ತದೆ ಎಂಬುದು ನಮಗೆ ತಿಳಿದದ್ದು ಆ ಮೂರರಲ್ಲಿ ಕೊನೆಯ ದಿನ, ಸಂಜೆ ನಾಲ್ಕೂವರೆಗೆ, ಅದೂ ಕಾರಿಡಾರಿನಲ್ಲಿ ಇಬ್ಬರು ಹುಡುಗಿಯರು ತಮ್ಮ ತಮ್ಮ ಚೀಟಿಯ ಮೇಲಿನ ಸೀಲು ತೋರಿಸಿಕೊಳ್ಳುತ್ತಿದ್ದುದು ದೊಡ್ಡಮ್ಮನ ಕಣ್ಣಿಗೆ ಬಿದ್ದುದರಿಂದ. ಅವಳ ಫೋನಿಗೆ ನಾನು ಓಡಿಬಂದೆ. ತಮ್ಮ ಹಿಂದಿನ ಕೋಣೆಯಲ್ಲಿ ಕೂರುವ ಗುಮಾಸ್ತರು, ತಾವು ಯಾರಿಗೂ ಹೇಳದ ಸಂಗತಿಯನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. "ರಿಜಿಸ್ಟರ್ ಅಂದ್ರೆ ನೀವು ಬರ್ತೀನಿ ಅಂದಿದ್ದು. ಎನ್‌ರೋಲ್ ಅಂದ್ರೆ ನಾವು ಬನ್ನಿ ಅಂದಿದ್ದು." ಒಂದರಲ್ಲಿ ಹೆಸರು ಪಟ್ಟಿಗೆ ಸೇರುತ್ತದೆ, ಇನ್ನೊಂದರಲ್ಲಿ ಮನುಷ್ಯರು ತರಗತಿಗೆ ಸೇರುತ್ತಾರೆ. ನಾನು ನೋಡಿದ ನಿಘಂಟಿನಲ್ಲಿ ಒಂದರ ಅರ್ಥ ಹುಡುಕಿದರೆ ಇನ್ನೊಂದರ ಕಡೆಗೆ ಕೈ ತೋರಿಸಿತ್ತು.

ಆಗಲೂ ಗುಂಡಿ ಮುಚ್ಚಲು ಕಾಲು ಗಂಟೆ ಇತ್ತು. ಆ ಚೀಟಿಯ ಮೇಲೆ ಗುಮಾಸ್ತರ ಸೀಲು ಹಾಕಿಸಿ ತಮ್ಮ ಸ್ಕ್ಯಾನರ್ ಕಣ್ಣಿಗೆ ಹಿಡಿದಿದ್ದರೆ ಸಾಕಿತ್ತು. ಅವರು ಹಾಕಿದರು. ಶಾಯಿ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದೆ ಜಾರಿತು. ಕರವಸ್ತ್ರದಿಂದ ಒರೆಸಿ ಮತ್ತೆ ಹಾಕಿದರು, ಮತ್ತೂ ಜಾರಿತು. ಬ್ಲೇಡಿನಿಂದ ಬಿಡಿಸಲು ನೋಡಿದರೆ ಪ್ಲಾಸ್ಟಿಕ್ಕಿನ ಜೊತೆ ಹೆಸರೂ ಏಳತೊಡಗಿತು. ಹೊಸ ಚೀಟಿ ಬೇಡಿದಾಗ, ಒಬ್ಬರಿಗೆ ಒಂದೇ ಚೀಟಿ ಎಂಬ ತಮ್ಮ ತತ್ವವನ್ನು ತಾವು ಬಿಡಲಿಲ್ಲ. "ಇಷ್ಟು ಜೋಪಾನ ಮಾಡಿದವ್ರನ್ನ ನಾನು ನೋಡೇ ಇಲ್ಲಮ್ಮ" ಎಂದು ಗುಮಾಸ್ತರು ನನ್ನ ಕಡೆ ತಿರುಗಿದಾಗ, ನನಗೆ ಚೀಟಿಯ ಹಿಂದೆ ಅಡಗಿಕೊಳ್ಳುವಷ್ಟು ಸಣ್ಣವಳಾಗಬೇಕೆನಿಸಿತು.

ಅವರು ಕೊನೆಯದಾಗಿ ಇನ್ನೊಮ್ಮೆ ಸೀಲು ಒತ್ತಿದ್ದೇ ತಡ, ಶಾಯಿ ಜಾರುವ ಮೊದಲೇ ದೊಡ್ಡಮ್ಮ ಚೀಟಿಯನ್ನು ಕಿತ್ತುಕೊಂಡಳು. ಪ್ಲಾಸ್ಟಿಕ್ಕಿಗೆ ಬೇಡವಾದ ಸೀಲು ಅವಳ ಅಂಗೈಗೆ ಅಂಟಿತು, ತಿರುಗುಮುರುಗಾಗಿ, ಆದರೆ ಒಂದಕ್ಷರವೂ ಅಳಿಯದೆ. ಅವಳು ಬಂದು ಆ ಕೈಯನ್ನೇ ತಮ್ಮ ಕಣ್ಣಿಗೆ ಹಿಡಿದಳು. ತಾವು ಕ್ಷಣಕಾಲ ಯೋಚಿಸಿ, 'ದಯವಿಟ್ಟು ಕಾಗದವನ್ನು ನೇರವಾಗಿ ಹಿಡಿಯಿರಿ' ಎಂದಿರಿ. ಹಿಡಿದೇ ಇದ್ದಳು. ಐದು ಗಂಟೆಗೆ ಧನ್ಯವಾದ ಹೇಳಿ ಗುಂಡಿ ಮುಚ್ಚಿದಿರಿ.

ತಮ್ಮ ಸಮಯಪಾಲನೆಯನ್ನು ಹೊಗಳಲು ನನ್ನ ಭಾಷೆ ಸಾಲದು. ಅಂದಿನಿಂದ ಪ್ರತಿ ಸೋಮವಾರ ದೊಡ್ಡಮ್ಮನ ಫೋನಿಗೆ, ಆಕೆ ಯಶಸ್ವಿಯಾಗಿ ನೋಂದಾಯಿತಳಾಗಿದ್ದಾಳೆಂದು ನೆನಪಿಸುವ ತಮ್ಮ ಪ್ರೀತಿಯನ್ನು ನೆಂಟರಿಷ್ಟರಲ್ಲೂ ನಾನು ಕಂಡಿಲ್ಲ.

ಈಗ ಒಂದು ಸಣ್ಣ ಸುದ್ದಿ. ಹೋದ ವಾರ ತರಗತಿಯಲ್ಲಿ, ಮಲಗಿದ ರೋಗಿಯನ್ನು ಎಬ್ಬಿಸದೆ ಹಾಸಿಗೆಯ ಬಟ್ಟೆ ಬದಲಿಸುವ ಪಾಠ ನಡೆದಿತ್ತಂತೆ. ರೋಗಿಯಾಗಿ ಮಲಗಿದ್ದ ವಿದ್ಯಾರ್ಥಿನಿಯನ್ನು ಇಬ್ಬರು ಸೇರಿ ಎರಡು ಸಲ ಮಂಚದಿಂದ ಜಾರಿಸಿದರಂತೆ. ಬಾಗಿಲ ಬಳಿ ಒರೆಸುತ್ತಿದ್ದ ದೊಡ್ಡಮ್ಮ ಕೋಲು ಗೋಡೆಗೊರಗಿಸಿ, ಕೈ ತೊಳೆದು ಒಳಗೆ ಹೋಗಿ, "ಮೊದಲು ಅವಳ ಮೊಣಕಾಲು ಮಡಚ್ರಮ್ಮ, ಮೂಟೆ ಅಲ್ಲ ಅದು" ಎಂದು ಒಬ್ಬಳೇ ಮಾಡಿ ತೋರಿಸಿದಳಂತೆ. ಪಾಠ ಹೇಳುವ ಹಿರಿಯ ನರ್ಸು ಹಾಜರಿ ಪುಸ್ತಕದ ಕೊನೆಯಲ್ಲಿ ಪೆನ್ಸಿಲಿನಿಂದ ಅವಳ ಹೆಸರು ಬರೆದರು. ಪೆನ್ಸಿಲಿನ ಮೇಲೆ ಶಾಯಿ ಹಾಯಿಸಲು ಅವರಿಗೆ ಅಧಿಕಾರವಿಲ್ಲ. ಪರೀಕ್ಷೆಯ ಪ್ರವೇಶಪತ್ರ ಬರಬೇಕಾದದ್ದು ತಮ್ಮ ಹೊಟ್ಟೆಯಿಂದಲೇ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ತಾವು ಒಂದು ದಿನ ಬಿಡುವು ಮಾಡಿಕೊಂಡು ತರಗತಿಗೆ ದಯಮಾಡಿಸಿ, ಆ ಮಂಚದ ಮೇಲೆ ಪವಡಿಸಬೇಕು. ತಮ್ಮ ತೂಕ ಎಷ್ಟೇ ಇರಲಿ, ದೊಡ್ಡಮ್ಮ ತಮಗೆ ನೋವಾಗದಂತೆ ಮಗ್ಗುಲು ತಿರುಗಿಸುತ್ತಾಳೆ. ಅದು ಆಗದಿದ್ದರೆ, ಆ ಎರಡನೆಯ ಗುಂಡಿಯನ್ನು ಒಂದೇ ಒಂದು ನಿಮಿಷ ತೆರೆಯಬೇಕು. ತಪ್ಪು ಮಾಡಿದ್ದು ನಾನು. ಅವಳು ಕೇಳಿದ್ದಳು, ನಾನು ಒಂದೇ ಅಂದಿದ್ದೆ. ಶಿಕ್ಷೆ ಕೊಡುವುದಾದರೆ ನನ್ನ ಪದವಿ ಪ್ರಮಾಣಪತ್ರ ಇದೆ, ಅದನ್ನು ನುಂಗಿಬಿಡಿ. ಅದೂ ಲ್ಯಾಮಿನೇಟ್ ಆಗಿದೆ.

ಇಂತು ತಮ್ಮ ವಿಶ್ವಾಸಿ,
ನೋಂದಾಯಿತ ದೊಡ್ಡಮ್ಮನ ಓದಿದ ಮಗಳು

ತಾಜಾಕಲಂ: ಈ ದೂರನ್ನು ಪೆಟ್ಟಿಗೆಗೆ ಹಾಕುವ ಮೊದಲು ತಮ್ಮಲ್ಲೇ ರಿಜಿಸ್ಟರ್ ಮಾಡಬೇಕೆಂದು ಗುಮಾಸ್ತರು ಹೇಳಿದ್ದರಿಂದ ಮಾಡಿದ್ದೇನೆ. ಏಳು ದಿನ ಕಾಯುತ್ತೇನೆ, ಈ ಸಲದ ಚೀಟಿಯನ್ನು ಲ್ಯಾಮಿನೇಟ್ ಮಾಡಿಸದೆ ಬೋಳಾಗಿಯೇ ಇಟ್ಟುಕೊಂಡಿದ್ದೇನೆ. ಎಂಟನೆಯ ದಿನದಿಂದ ಮೂರು ದಿನ ತಮ್ಮ ಮುಂದಿನ ನೆಲ ಒರೆಸುವ ಪಾಳಿಯನ್ನು ದೊಡ್ಡಮ್ಮ ಕೇಳಿ ಹಾಕಿಸಿಕೊಂಡಿದ್ದಾಳೆ. ತಾವು ಇಲ್ಲಿಗೆ ಬಂದು ಒಂದು ವರ್ಷವಾಗಿರಬಹುದು, ತಮ್ಮ ಬೆನ್ನ ಹಿಂದಿನ ಗೋಡೆಯ ಪ್ಲಗ್ ಪಾಯಿಂಟು ಅವಳಿಗೆ ಹತ್ತೊಂಬತ್ತು ವರ್ಷದಿಂದ ಗೊತ್ತು. ನೆಲ ಒರೆಸುವ ಮುಂಚೆ ಅದಕ್ಕೆ ಸಿಕ್ಕಿಸಿದ್ದನ್ನು ಕಿತ್ತಿಡಬೇಕೆಂಬುದು ಆಸ್ಪತ್ರೆಯದೇ ನಿಯಮ. ಮತ್ತೆ ಯಾವಾಗ ಹಾಕಬೇಕೆಂದು ನಿಯಮದಲ್ಲಿ ಬರೆದಿಲ್ಲ.